ಲೂಸರ್ನ್‌ಗೆ ಒಂದೇ ದಿನ ಇದೆ, ಅಪ್ಪ ಅಮ್ಮನ್ನ ಯಾವ ಬೆಟ್ಟಕ್ಕೆ ಕರ್ಕೊಂಡ್ ಹೋಗ್ಲಿ?

ಕುಕ್ಕರಹಳ್ಳಿ_ವಾಕರ್ (ಮೈಸೂರು):

ಎಲ್ರಿಗೂ ನಮಸ್ಕಾರ. ಮೇ ಕೊನೇಲಿ ಅಪ್ಪ ಅಮ್ಮನ ಜೊತೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಹೋಗ್ತಿದೀನಿ, ತಮ್ಮ ಅಲ್ಲೇ ಕೆಲಸದಲ್ಲಿದಾನೆ, ಮಗು ನಾಮಕರಣ ಇದೆ. ಹತ್ತು ದಿನ ಇರ್ತೀವಿ ನಿಜ ಆದ್ರೆ ಬಾಣಂತಿ ಮನೆ, ಅಮ್ಮ ಹೊರಗೆ ಬರೋದೇ ಕಷ್ಟ, ತಮ್ಮಂಗೂ ರಜ ಇಲ್ಲ, ಎಲ್ಲಾ ಕೂಡಿಸಿ ಕಳೆದ್ರೆ ಲೂಸರ್ನ್‌ಗೆ ಅಂತ ಸಿಗೋದು ಒಂದೇ ಒಂದು ಶನಿವಾರ. ಬೆಳಗ್ಗೆ ಜ್ಯೂರಿಕ್ ಬಿಟ್ಟು ರಾತ್ರಿ ವಾಪಸ್.

ಅಪ್ಪಂಗೆ 68, ಸಕ್ಕರೆ ಫ್ಯಾಕ್ಟರಿಲಿ ಫಿಟ್ಟರ್ ಆಗಿ ರಿಟೈರ್ ಆದವರು, ಎಡಗಾಲು ಮಂಡಿ ನೋವಿದೆ, ಮೆಟ್ಲು ಇಳಿಯೋದು ಕಷ್ಟ. ಬಿಪಿ ಮಾತ್ರೆ ತಗೋತಾರೆ. ಅಮ್ಮಂಗೆ 63, ಮಂಡ್ಯ ಪಕ್ಕದ ಹಳ್ಳಿಯವರು, ಊಟಿ ಬಿಟ್ರೆ ಚಳಿ ಊರು ನೋಡಿಲ್ಲ. ಟೀವಿ ನೋಡ್ತಾ ಒಂದ್ಸಲ "ಹಿಮನ ಕೈಲಿ ಮುಟ್ಟಿದ್ರೆ ಹೆಂಗಿರುತ್ತೋ" ಅಂದಿದ್ರು, ಅದು ನನ್ ತಲೇಲಿ ಹಂಗೇ ಕೂತಿದೆ. ಅಪ್ಪ ಏನೂ ಕೇಳೋರಲ್ಲ, ಟಿಕೆಟ್ ಆದ್ಮೇಲೆ ಒಂದೇ ಒಂದು ಮಾತು ಕೇಳಿದ್ರು, "ಅಲ್ಲಿ ರೈಲು ಬೆಟ್ಟ ಹತ್ತುತ್ತಂತಲ್ಲ, ಹೌದಾ?" ಅಂತ.

ಇಲ್ಲಿ ಒಬ್ರು ಟ್ರಾವೆಲ್ಸ್‌ನೋರು ಪ್ಲಾನ್ ಹಾಕ್ಕೊಟ್ಟಿದಾರೆ, ಬೆಳಗ್ಗೆ ರೈನ್ ನದಿಯ ಫಾಲ್ಸ್, ಮಧ್ಯಾಹ್ನ ಟಿಟ್ಲಿಸ್ ಬೆಟ್ಟ, ಸಂಜೆ ಲೂಸರ್ನ್. ಒಂದೇ ದಿನದಲ್ಲಿ ಇದು ಆಗುತ್ತಾ? ಇಂಟರ್ನೆಟ್ಟಲ್ಲಿ ಒಬ್ರು ಪಿಲಾಟಸ್ ಅಂತಾರೆ ಒಬ್ರು ರಿಗಿ ಅಂತಾರೆ. ಅಮ್ಮ ಮೊಟ್ಟೆ ಕೂಡ ತಿನ್ನಲ್ಲ, ಊಟದ್ದೂ ಹೇಳಿ ಪ್ಲೀಸ್.

ಸರಸ್ವತಿಪುರಂ_ಮನೆ:

ಮೇಡಂ, ನಾನು ಪ್ರಾಜೆಕ್ಟ್ ಮೇಲೆ ಎರಡು ವರ್ಷ ಲೂಸರ್ನ್‌ನಲ್ಲೇ ಇದ್ದೆ, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ. ಮೊದಲು ಆ ಟ್ರಾವೆಲ್ಸ್ ಪ್ಲಾನ್ ಹರಿದು ಹಾಕಿ. ರೈನ್ ಫಾಲ್ಸ್ ಜ್ಯೂರಿಕ್‌ನಿಂದ ಉತ್ತರಕ್ಕೆ, ಲೂಸರ್ನ್ ದಕ್ಷಿಣಕ್ಕೆ, ಟಿಟ್ಲಿಸ್ ಅದಕ್ಕೂ ಆಚೆ. ಮೈಸೂರಲ್ಲಿದ್ಕೊಂಡು ಬೆಳಗ್ಗೆ ಶ್ರವಣಬೆಳಗೊಳ, ಮಧ್ಯಾಹ್ನ ಊಟಿ, ಸಂಜೆ ಅರಮನೆ ಅಂದಂಗೆ. ಆಗ್ಬೋದು, ಆದ್ರೆ ನಿಮ್ಮ ತಂದೆಯವರು ಇಡೀ ದಿನ ಸೀಟಲ್ಲೇ ಕೂತಿರ್ತಾರೆ.

ಒಂದು ಊರು, ಒಂದು ಬೆಟ್ಟ, ಅಷ್ಟೇ. ಮತ್ತೆ ಆ ಬೆಟ್ಟ ಯಾವ್ದು ಅಂತ ಇವತ್ತು ತೀರ್ಮಾನ ಮಾಡ್ಬೇಡಿ, ಆ ಶನಿವಾರ ಬೆಳಗ್ಗೆ ಮಾಡಿ. ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ನನ್ ಅತ್ತೆ ಮಾವ ಬಂದಾಗ ಮೂರು ವಾರ ಮುಂಚೆನೇ ಟಿಕೆಟ್ ಮಾಡಿಸಿಟ್ಟಿದ್ದೆ, ಮೇಲೆ ಹೋದ್ರೆ ಸುತ್ತ ಬಿಳೀ ಗೋಡೆ, ಪಕ್ಕದಲ್ಲಿ ನಿಂತೋರ ಮುಖನೇ ಕಾಣ್ತಿರ್ಲಿಲ್ಲ, ಎರಡು ಗಂಟೆ ಕಾದು ಇಳಿದ್ವಿ. ಪಾಪ ಮಾವ "ಪರ್ವಾಗಿಲ್ಲ ಬಿಡಪ್ಪ, ಗಾಳಿ ಚೆನ್ನಾಗಿತ್ತು" ಅಂದ್ರು, ನಂಗೆ ಇವತ್ತಿಗೂ ಹೊಟ್ಟೆಲಿ ಸಂಕಟ ಆಗುತ್ತೆ. ಮೂರೂ ಬೆಟ್ಟದ ತುದೀಲಿ ಕ್ಯಾಮೆರಾ ಇಟ್ಟಿದಾರೆ, ಲೈವ್ ಬರ್ತಿರುತ್ತೆ, ಬೆಳಗ್ಗೆ ಎದ್ದು ಕಾಫಿ ಕುಡೀತಾ ನೋಡಿ. ಯಾವ್ದು ಬಿಸಿಲಲ್ಲಿದೆಯೋ ಅದಕ್ಕೆ ಹೋಗಿ.

ಎತ್ತರ ಹೇಳ್ತೀನಿ, ಅದ್ರಿಂದ ಅರ್ಧ ವಿಷಯ ತೀರ್ಮಾನ ಆಗುತ್ತೆ. ಲೂಸರ್ನ್ ಸರೋವರ 434 ಮೀಟರ್, ಅಂದ್ರೆ ನಮ್ಮ ಮೈಸೂರಿಗಿಂತ ತಗ್ಗಲ್ಲಿದೆ. ರಿಗಿ 1,798 ಮೀಟರ್, ಪಿಲಾಟಸ್ ರೈಲು ನಿಲ್ಲೋ ಜಾಗ 2,073, ಟಿಟ್ಲಿಸ್ ಕೇಬಲ್ ಕಾರ್ ಬಿಡೋದು 3,000 ದಾಟಿ. ಸಾವಿರ ಮೀಟರ್ ಏರಿದ್ರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತೆ ಅಂತ ಲೆಕ್ಕ, ಕೆಳಗೆ 20 ಇದ್ರೆ ರಿಗಿಲಿ 11 ಹತ್ರ, ಟಿಟ್ಲಿಸ್‌ನಲ್ಲಿ 3 ಹತ್ರ, ಗಾಳಿ ಬೀಸಿದ್ರೆ ಇನ್ನೂ ಕಮ್ಮಿ ಅನ್ಸುತ್ತೆ. ಬಿಪಿ ಇರೋರನ್ನ ಮೂರು ಸಾವಿರಕ್ಕೆ ಕರ್ಕೊಂಡು ಹೋಗೋ ಮುಂಚೆ ಇಲ್ಲೇ ಡಾಕ್ಟ್ರನ್ನ ಕೇಳ್ಬಿಡಿ.

ನನ್ ಓಟು ರಿಗಿಗೆ. ಲೂಸರ್ನ್ ಸ್ಟೇಷನ್ ಬಾಗಿಲು ದಾಟಿ ರಸ್ತೆ ದಾಟಿದ್ರೆ ದೋಣಿ ಕಟ್ಟೆ. ಅಲ್ಲಿಂದ ಸುಮಾರು ಒಂದು ಗಂಟೆ ನೀರಲ್ಲಿ ಹೋಗಿ ವಿಟ್ಸ್‌ನಾವ್‌ನಲ್ಲಿ ಇಳಿದ್ರೆ ಎದುರಿಗೇ ಹಲ್ಲಿನ ರೈಲು (ಹಳಿ ಮಧ್ಯದ ಹಲ್ಲಿನ ಪಟ್ಟಿನ ಗೇರಲ್ಲಿ ಕಚ್ಕೊಂಡು ಬೆಟ್ಟ ಹತ್ತೋದು) ನಿಂತಿರುತ್ತೆ, ಅರ್ಧ ಗಂಟೇಲಿ ತುದಿ. ಮಂಡಿಗೆ ಕಷ್ಟ ಅನ್ನೋ ಜಾಗ ಕಮ್ಮಿ, ತುದಿ ಸ್ಟೇಷನ್ನಿಂದ ನೆತ್ತಿ ಮೇಲಿನ ಟವರ್ ಕಂಬದವರೆಗೆ ಸ್ವಲ್ಪ ಏರಿದೆ, ಬೇಡಾಂದ್ರೆ ಹೋಗ್ಲೇಬೇಕು ಅಂತಿಲ್ಲ, ಬೆಂಚಲ್ಲಿ ಕೂತ್ರೂ ಎರಡು ಕಡೆ ಸರೋವರ ಕಾಣುತ್ತೆ. ವಾಪಸ್ ಬರುವಾಗ ವೆಗ್ಗಿಸ್ ಕಡೆ ಕೇಬಲ್ ಕಾರಲ್ಲಿ ಇಳೀರಿ ಅಂತ ತುಂಬ ಜನ ಹೇಳ್ತಾರೆ, ನೀವು ಬೇಡ, ಆ ಸ್ಟೇಷನ್ನಿಂದ ದೋಣಿ ಕಟ್ಟೆಗೆ ಇಳಿಜಾರಲ್ಲಿ ನಡೀಬೇಕು. ಹತ್ತಿದ ದಾರೀಲೇ ಇಳೀರಿ. ಸ್ವಿಸ್ ಟ್ರಾವೆಲ್ ಪಾಸ್ ಇದ್ರೆ ದೋಣಿ, ರಿಗಿ ರೈಲು ಎರಡೂ ಅದ್ರಲ್ಲೇ ಬರುತ್ತೆ, ಪಿಲಾಟಸ್ ಟಿಟ್ಲಿಸ್‌ಗೆ ಅರ್ಧ ರೇಟು ಕೊಡ್ಬೇಕು.

ಮದ್ದೂರ್_ಹೈಕ್ಳು:

ಅಕ್ಕ, ಮೇಲಿನ ಸರ್ ಹೇಳಿದ್ದೆಲ್ಲ ಸರಿ ಆದ್ರೆ ಅವ್ವ ಏನ್ ಕೇಳಿದ್ರು? ಹಿಮ ಮುಟ್ಬೇಕು ಅಂದ್ರು. ಮೇ ಕೊನೇಲಿ ಗ್ಯಾರಂಟಿ ಹಿಮ ಸಿಗೋದು ಟಿಟ್ಲಿಸ್‌ನಲ್ಲೇ, ಅಲ್ಲಿ ಗ್ಲೇಸಿಯರ್ ಐತೆ, ವರ್ಷ ಪೂರ್ತಿ ಇರ್ತದೆ. ಲೂಸರ್ನ್‌ನಿಂದ ಎಂಗೆಲ್‌ಬರ್ಗ್‌ಗೆ ರೈಲಲ್ಲಿ ಮುಕ್ಕಾಲು ಗಂಟೆ, ಆಮೇಲೆ ಕೇಬಲ್ ಕಾರು, ಕೊನೇದು ಗುಂಡಗೈತೆ, ಹತ್ತುತ್ತಾ ಹತ್ತುತ್ತಾ ನಿಧಾನಕ್ಕೆ ಒಂದು ಸುತ್ತು ತಿರುಗ್ತದೆ, ಕೂರಂಗಿಲ್ಲ, ನಿಂತ್ಕಂಡೇ ಎಲ್ಲಾ ಕಡೆ ನೋಡ್ಬೋದು.

ನಾನು ನಮ್ಮವ್ವನ್ನ ಕರ್ಕೊಂಡ್ ಹೋಗಿದ್ದೆ. ಗದ್ದೇಲಿ ನಾಟಿ ಮಾಡಿದ ಕೈ ಕಣಕ್ಕ ಅದು. ಹಿಮ ಹಿಡ್ಕಂಡು ಮುಷ್ಟಿ ಬಿಗಿ ಮಾಡಿ, ಬೆರಳ ಸಂದೀಲಿ ನೀರು ಸೋರೋದ್ನೇ ನೋಡ್ತಾ ನಿಂತಿದ್ರು, ಫೋಟೋಗೆ ತಿರುಗವ್ವ ಅಂದ್ರೂ ತಿರುಗ್ಲಿಲ್ಲ. ಬಿಪಿ ಇದ್ರೆ ಮೇಲೆ ನಿಧಾನಕ್ಕೆ ನಡ್ಸಿ, ನೀರು ಕುಡಿಸ್ತಾ ಇರಿ, ತಲೆ ಸುತ್ತು ಅಂದ್ರೆ ಮುಂದಿನ ಕಾರಲ್ಲೇ ಇಳಿಸ್ಬಿಡಿ, ಧೈರ್ಯ ಪರೀಕ್ಷೆ ಮಾಡೋ ಜಾಗ ಅಲ್ಲ ಅದು. ಕೂಲಿಂಗ್ ಗ್ಲಾಸ್ ಮರೀಬೇಡಿ, ಬಿಸಿಲು ಹಿಮಕ್ಕೆ ಹೊಡೆದು ಕಣ್ಣು ಬಿಡಕ್ಕಾಗಲ್ಲ. ಚಪ್ಲಿ ಬೇಡ್ವೇ ಬೇಡ, ಕೆಳಗೆ ಗೀಟು ಇರೋ ಶೂ ಹಾಕ್ಸಿ.

ಹಳೇ_ಎಂಜಿನ್:

ಮೇಡಂ, ನಿಮ್ಮ ತಂದೆಯವರು ಫಿಟ್ಟರ್ ಅಂತ ಓದಿದ್ ತಕ್ಷಣ ಬರೀಬೇಕು ಅನ್ನಿಸ್ತು. ಬೆಟ್ಟ ಯಾವ್ದೇ ಆಗ್ಲಿ, ಅವ್ರಿಗೆ ಈ ಹಲ್ಲಿನ ರೈಲಿನ ಕತೆ ಮುಂಚೆನೇ ಹೇಳಿ ಕರ್ಕೊಂಡ್ ಹೋಗಿ.

ಊಟಿ ರೈಲಲ್ಲಿ ಕಲ್ಲಾರ್‌ನಿಂದ ಕೂನೂರಿನವರೆಗೆ ಹಳಿ ಮಧ್ಯೆ ಹಲ್ಲಿನ ಪಟ್ಟಿ ನೋಡಿರ್ತಾರೆ. ಅಲ್ಲಿ ಏರು ಹೆಚ್ಚಂದ್ರೆ 12 ಅಡಿಗೆ ಒಂದಡಿ. ರಿಗಿಲಿ 4ಕ್ಕೆ ಒಂದು. ವಿಟ್ಸ್‌ನಾವ್‌ನಿಂದ ರಿಗಿಗೆ 1871ರಲ್ಲಿ ಶುರುವಾಯ್ತು, ಯೂರೋಪಲ್ಲೇ ಮೊದಲ ಬೆಟ್ಟದ ಹಲ್ಲಿನ ರೈಲು ಅದು, ಮಾಡಿದವನು ನಿಕ್ಲಾಸ್ ರಿಗ್ಗನ್‌ಬಾಖ್ ಅಂತ. ಅದೇ ಮನುಷ್ಯನ್ನ ಆಮೇಲೆ ನೀಲಗಿರಿಗೂ ಕರೆಸಿ ಲೆಕ್ಕ ಹಾಕ್ಸಿದ್ರು, ಕೊನೆಗೆ ಅಲ್ಲಿ ಕಟ್ಟಿದ್ದು ಆಬ್ಟ್ ಅನ್ನೋರ ಪದ್ಧತೀಲಿ. ಊಟಿ ಬೆಟ್ಟ ಹತ್ತೋ ಆ ಹಳೇ ಸ್ಟೀಮ್ ಎಂಜಿನ್‌ಗಳೂ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾಗಿ ಬಂದಿದ್ದು. ಜ್ಯೂರಿಕ್‌ನಿಂದ ಅರ್ಧ ಗಂಟೆ ಒಳಗೆ ಸಿಗೋ ಊರು ಅದು. ನಾವು ಚಿಕ್ಕೋರಿದ್ದಾಗಿಂದ ನೋಡ್ತಿರೋ ಎಂಜಿನ್ನು!

ಪಿಲಾಟಸ್ ಮಾತ್ರ ಬೇರೆನೇ ಲೆಕ್ಕ. 1889ರಲ್ಲಿ ತೆಗೆದದ್ದು, ಏರು 100 ಮೀಟರ್‌ಗೆ 48 ಮೀಟರ್, ಹತ್ರ ಹತ್ರ ಎರಡಕ್ಕೆ ಒಂದು, ಪ್ರಪಂಚದಲ್ಲೇ ಅತಿ ಕಡಿದಾದ ಹಲ್ಲಿನ ರೈಲು. ಇಷ್ಟು ಕಡಿದಾದಲ್ಲಿ ಮಾಮೂಲಿ ಹಲ್ಲಾದ್ರೆ, ಅಂದ್ರೆ ಮೇಲಿಂದ ಗೇರ್ ಕೂರೋ ಥರದ್ದು, ಗೇರು ಹಲ್ಲಿನ ಮೇಲೆ ಹತ್ತಿ ಎದ್ದು ಬಿಡುತ್ತೆ, ಹಿಡಿತ ತಪ್ಪಿದ್ರೆ ಗಾಡಿ ನೇರ ಸರೋವರಕ್ಕೆ. ಇದನ್ನ ಕಟ್ಟಿದ ಎಂಜಿನಿಯರ್ ಎಡುವರ್ಡ್ ಲೋಖರ್ ಏನು ಮಾಡಿದ ಅಂದ್ರೆ ಹಲ್ಲುಗಳನ್ನ ಪಟ್ಟಿಯ ಎಡಕ್ಕೂ ಬಲಕ್ಕೂ ಕೊರೆದ, ಎರಡು ಗೇರ್‌ಗಳನ್ನ ಮಲಗಿಸಿಟ್ಟ, ಅವು ಎರಡೂ ಪಕ್ಕದಿಂದ ಪಟ್ಟಿನ ಕಚ್ಕೊಂಡು ತಿರುಗ್ತವೆ. ರಾಗಿ ಬೀಸೋ ಕಲ್ಲು ಮಲಗಿರುತ್ತಲ್ಲ, ಹಂಗೆ ಎರಡು ಚಕ್ರ, ಮಧ್ಯೆ ಪಟ್ಟಿ. ಮೇಲಕ್ಕೆ ಏಳೋ ಪ್ರಶ್ನೆನೇ ಇಲ್ಲ. ಕೆಳಗಿನ ಸ್ಟೇಷನ್ ಆಲ್ಪ್‌ನಾಖ್‌ಸ್ಟಾಟ್‌ನಲ್ಲಿ ಹಳಿ ಪಕ್ಕ ನಿಂತು ಬಗ್ಗಿ ನೋಡಿದ್ರೆ ಪಟ್ಟಿ ಸ್ಪಷ್ಟವಾಗಿ ಕಾಣುತ್ತೆ, ನಿಮ್ಮಪ್ಪಂಗೆ ಒಂದೇ ನೋಟಕ್ಕೆ ಅರ್ಥ ಆಗ್ಬಿಡುತ್ತೆ. ಚಳಿಗಾಲದಲ್ಲಿ ಈ ರೈಲು ಓಡಲ್ಲ, ಮೇ ಕೊನೆಗೆ ಸಾಮಾನ್ಯವಾಗಿ ಶುರುವಾಗಿರುತ್ತೆ, ಹೊರಡೋ ಮುಂಚೆ ನೋಡ್ಕೊಳ್ಳಿ.

ಇನ್ನೊಂದು. ಆ ಸರೋವರದಲ್ಲಿ ಐದು ಹಳೇ ಸ್ಟೀಮ್ ದೋಣಿ ಇವತ್ತಿಗೂ ಓಡ್ತಿವೆ, ಪಕ್ಕದಲ್ಲಿ ದೊಡ್ಡ ಚಕ್ರ ಇರೋವು. ಅದ್ರಲ್ಲಿ ಹಳೇದು 'ಯೂರಿ', 1901ರದ್ದು. ಟೈಮ್ ಟೇಬಲ್‌ನಲ್ಲಿ ಯಾವ ಹೊತ್ತಿಗೆ ಸ್ಟೀಮ್ ದೋಣಿ ಅಂತ ಗುರುತು ಹಾಕಿರ್ತಾರೆ, ಅದನ್ನೇ ಹಿಡೀರಿ. ದೋಣಿ ಹೊಟ್ಟೇಲಿ ಎಂಜಿನ್ ತೆರೆದಿಟ್ಟಿದಾರೆ, ಸುತ್ತ ಕಂಬಿ, ನಿಂತ್ಕೊಂಡು ನೋಡ್ಬೋದು.

ಗೋಕುಲಂ_ಆಂಟಿ:

ಎಲ್ರೂ ಬೆಟ್ಟದ ಬಗ್ಗೆ ಬರೆದ್ರಿ, ಊಟದ್ದು ಯಾರೂ ಹೇಳ್ಲಿಲ್ವಲ್ಲ. ನೋಡಮ್ಮ, ಸಸ್ಯಾಹಾರ ಅಂದ್ರೆ ಅಲ್ಲಿ ಚೀಸು ಬ್ರೆಡ್ಡು ಆಲೂಗೆಡ್ಡೆ. ಆಲೂಗೆಡ್ಡೆ ತುರಿದು ಬಾಣ್ಲೇಲಿ ಗಟ್ಟಿ ದೋಸೆ ಥರ ಮಾಡ್ತಾರೆ, ರೋಸ್ಟಿ ಅಂತ, ನಂಗೆ ತುಂಬಾ ಹಿಡಿಸ್ತು, ಆದ್ರೆ ಹಂದಿ ಮಾಂಸದ ಚೂರು ಹಾಕೋದುಂಟು, ಕೇಳಿ ತಗೊಳ್ಳಿ. ಚೀಸ್ ಕರಗಿಸಿ ಮಾಡೋ ಫಾಂಡ್ಯೂಗೆ ವೈನ್ ಹಾಕ್ತಾರೆ. ಅಮ್ಮ ಮೊಟ್ಟೆನೂ ಮುಟ್ಟಲ್ಲ ಅಂದ್ರೆ ಇದೂ ತಿಳ್ಕೊಂಡಿರಿ, ಅಲ್ಲಿನ ಹಳೇ ಪದ್ಧತಿ ಗಟ್ಟಿ ಚೀಸಲ್ಲಿ ಹಾಲು ಹೆಪ್ಪಾಗಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ಪದಾರ್ಥ ಹಾಕ್ತಾರೆ. ಹೇಳ್ದೆ ತಿನ್ನಿಸಿ ಆಮೇಲೆ ಗೊತ್ತಾದ್ರೆ ಅವ್ರ ಮನಸ್ಸಿಗೆ ನೋವಾಗುತ್ತೆ.

ಅದಕ್ಕೆ ಬೆಳಗ್ಗೆ ತಮ್ಮನ ಮನೇಲೇ ಚಪಾತಿ, ಚಿತ್ರಾನ್ನ ಕಟ್ಕೊಂಡು ಬಿಡಿ, ದೋಣಿಲಿ ರೈಲಲ್ಲಿ ಬೆಂಚಲ್ಲಿ ಎಲ್ಲಾದ್ರೂ ಕೂತು ತಿನ್ನಿ. ಇಲ್ಲಿಂದ ಹೊರಡುವಾಗ ನಿಪ್ಪಟ್ಟು, ಕೋಡುಬಳೆ, ಚಟ್ನಿಪುಡಿ ಧಾರಾಳವಾಗಿ ತಗೊಂಡ್ ಹೋಗಿ, ಹಾಲು ತುಪ್ಪ ಮಾಂಸದ ಪದಾರ್ಥ ಮಾತ್ರ ಭಾರತದಿಂದ ಒಳಗೆ ಬಿಡಲ್ಲ, ಮೈಸೂರು ಪಾಕ್ ಡಬ್ಬಿ ಇಲ್ಲೇ ಬಿಟ್ಟು ಹೋಗಿ. ನೀರು ದುಡ್ಡು ಕೊಟ್ಟು ತಗೋಬೇಡಿ, ಬೀದೀಲಿರೋ ಕಾರಂಜಿ ನೀರೇ ಕುಡೀಬೋದು, ಕುಡಿಯೋ ಹಾಗಿಲ್ಲ ಅಂದ್ರೆ ಬೋರ್ಡ್ ಇರುತ್ತೆ. ಶನಿವಾರ ಹೋಗ್ತಿರೋದು ಒಳ್ಳೇದೇ ಆಯ್ತು, ಭಾನುವಾರ ಸ್ಟೇಷನ್ ಒಳಗಿನ ಅಂಗಡಿ ಬಿಟ್ರೆ ಬಹುಪಾಲು ಮುಚ್ಚಿರುತ್ತೆ.

ಊರೊಳಗೆ ಮೂರೇ ಜಾಗ ಸಾಕು. ಸ್ಟೇಷನ್ ಪಕ್ಕದಲ್ಲೇ ಮರದ ಸೇತುವೆ, ಕಾಪೆಲ್‌ಬ್ರುಕೆ ಅಂತಾರೆ, 14ನೇ ಶತಮಾನದ್ದು, ಮಧ್ಯೆ ಎಂಟು ಮೂಲೆಯ ಕಲ್ಲಿನ ಗೋಪುರ ನೀರಲ್ಲಿ ನಿಂತಿದೆ. 1993ರ ಆಗಸ್ಟಲ್ಲಿ ಬೆಂಕಿ ಬಿದ್ದು ಸೇತುವೆ ಬಹುಪಾಲು ಸುಟ್ಟೋಯ್ತು, ಮುಂದಿನ ವರ್ಷಕ್ಕೇ ಹಂಗೇ ಕಟ್ಟಿ ನಿಲ್ಸಿದ್ರು. 1897ರಲ್ಲಿ ನಮ್ಮ ಮರದ ಅರಮನೆ ಸುಟ್ಟು ಹೋದ ಕತೆ ನಮ್ಮಜ್ಜಿ ಬಾಯಲ್ಲಿ ಕೇಳಿ ಬೆಳೆದವಳು ನಾನು, ಆ ಸೇತುವೆ ಮೇಲೆ ನಿಂತಾಗ ಅದೇ ನೆನಪಾಯ್ತು. ಸೂರಡಿ ತ್ರಿಕೋನದ ಹಲಗೆ ಮೇಲೆ 17ನೇ ಶತಮಾನದ ಚಿತ್ರಗಳಿವೆ, ಬೆಂಕೀಲಿ ತುಂಬಾ ಹೋದ್ವು, ತಲೆ ಎತ್ತಿ ನೋಡ್ತಾ ನಡೀರಿ, ಮಧ್ಯೆ ಮಧ್ಯೆ ಬರೀ ತೊಲೆ ಕಾಣುತ್ತೆ.

ಎರಡನೇದು ಸಾಯ್ತಿರೋ ಸಿಂಹ. ಬಂಡೆಗೇ ಕೆತ್ತಿದಾರೆ, ಹತ್ತು ಮೀಟರ್ ಉದ್ದ, ಬೆನ್ನಲ್ಲಿ ಮುರಿದ ಭರ್ಜಿ. 1792ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್ ರಾಜನ ಅರಮನೆ ಕಾಯ್ತಾ ಸತ್ತ ಸ್ವಿಸ್ ಸಿಪಾಯಿಗಳ ನೆನಪಿಗೆ ಮಾಡಿಸಿದ್ದು. ಯಾರದೋ ರಾಜನಿಗೋಸ್ಕರ ಪರದೇಶಕ್ಕೆ ಕೂಲಿ ಸಿಪಾಯಿಗಳಾಗಿ ಹೋದ ಹಳ್ಳಿ ಹುಡುಗ್ರು. ಆಗ ಆ ದೇಶ ಅಷ್ಟು ಬಡ ದೇಶ ಆಗಿತ್ತು. ಸಿಂಹದ ಮುಖ ನೋಡಿದ್ರೆ ನಂಗೆ ಕಣ್ಣಲ್ಲಿ ನೀರು ಬಂತು.

ಮೂರನೇದು ಯಾರೂ ಹೇಳಲ್ಲ, ರಾಯ್ಸ್ ನದಿ ಗುಂಟ ಐದು ನಿಮಿಷ ಕೆಳಗೆ ನಡೆದ್ರೆ ಇನ್ನೊಂದು ಮರದ ಸೇತುವೆ ಹತ್ರ ಒಂದು ಕಟ್ಟೆ ಇದೆ. ನಮ್ಮ ಯಜಮಾನ್ರು ನೀರಾವರಿ ಇಲಾಖೇಲಿದ್ದವರು, ಅಲ್ಲಿಂದ ಕದಲ್ಲೇ ಇಲ್ಲ. ಮರದ ಉದ್ದುದ್ದ ಪಟ್ಟಿಗಳನ್ನ ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಸಿ ನೀರು ತಡೆದಿದಾರೆ, ಮಳೆ ಜಾಸ್ತಿ ಆದ್ರೆ ಒಂದೊಂದೇ ಕೈಲಿ ಕಿತ್ತು ಇಡ್ತಾರೆ, ಕಮ್ಮಿ ಆದ್ರೆ ವಾಪಸ್ ಹಾಕ್ತಾರೆ. 114 ಚದರ ಕಿಲೋಮೀಟರ್ ಸರೋವರದ ಮಟ್ಟ ಕಾಯೋದ್ರಲ್ಲಿ ಇವತ್ತಿಗೂ ಈ ಪಟ್ಟಿಗಳಿಗೆ ಪಾಲಿದೆ ಅಂದ್ರೆ ನಂಬಕ್ಕೇ ಆಗಲ್ಲ.

ಕುಕ್ಕರಹಳ್ಳಿ_ವಾಕರ್:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಪ್ಪಂಗೆ ಓದಿ ಹೇಳ್ದೆ, ಹಳೇ_ಎಂಜಿನ್ ಸರ್ ಬರೆದದ್ದನ್ನ ಎರಡು ಸಲ ಓದಿಸ್ಕೊಂಡ್ರು, ಆಮೇಲೆ ಪೇಪರ್ ಮೇಲೆ ಆ ಎರಡು ಗೇರ್ ಬರೆದು ತೋರಿಸಿ "ಹಿಂಗೇ ತಾನೆ?" ಅಂದ್ರು. ಡಾಕ್ಟ್ರು ಮೂರು ಸಾವಿರ ಮೀಟರ್ ಬೇಕಿಲ್ಲ, ಎರಡು ಸಾವಿರ ಪರ್ವಾಗಿಲ್ಲ ಅಂದಿದಾರೆ. ಹಂಗಾಗಿ ಪಿಲಾಟಸ್ ಇಲ್ಲ ರಿಗಿ, ಬೆಳಗ್ಗೆ ಕ್ಯಾಮೆರಾ ನೋಡಿ ತೀರ್ಮಾನ. ಅಮ್ಮನ ಹಿಮದ್ದೇ ಯೋಚನೆ.

ಸರಸ್ವತಿಪುರಂ_ಮನೆ:

ಸರಿಯಾದ ತೀರ್ಮಾನ ಮೇಡಂ. ಅಲ್ಲಿನೋರು ಒಂದು ಗಾದೆ ಹೇಳ್ತಾರೆ, ಪಿಲಾಟಸ್ ಟೋಪಿ ಹಾಕ್ಕೊಂಡಿದ್ರೆ ಹವೆ ಚೆನ್ನಾಗಿರುತ್ತೆ, ಕತ್ತಿ ಹಿಡಿದಿದ್ರೆ ಮಳೆ ಅಂತ. ತುದಿ ಮೇಲೆ ಸಣ್ಣ ಮೋಡ ಕೂತಿದ್ರೆ ಟೋಪಿ, ಉದ್ದಕ್ಕೆ ಅಡ್ಡ ಬಿದ್ದಿದ್ರೆ ಕತ್ತಿ. ಟೋಪಿ ಇದ್ರೆ ಊರಿಗೆ ಒಳ್ಳೇದು, ಆದ್ರೆ ಟೋಪಿ ಒಳಗೆ ನೀವಿದ್ರೆ ಏನೂ ಕಾಣಲ್ಲ, ಅವತ್ತು ರಿಗಿಗೆ ಹೋಗಿ.

ಕುಕ್ಕರಹಳ್ಳಿ_ವಾಕರ್:

ವಾಪಸ್ ಬಂದು ವಾರ ಆಯ್ತು, ಬರೀದೇ ಇದ್ರೆ ಸರಿ ಹೋಗಲ್ಲ.

ಆ ಶನಿವಾರ ಆರೂವರೆಗೆ ತಮ್ಮ ಮೂರೂ ಕ್ಯಾಮೆರಾ ತೆಗೆದ. ಟಿಟ್ಲಿಸ್ ಪೂರ್ತಿ ಬಿಳಿ. ಪಿಲಾಟಸ್ ತಲೆ ಮೋಡದೊಳಗೆ, ಸರ್ ಹೇಳಿದ ಟೋಪಿನೇ. ರಿಗಿ ಅದಕ್ಕಿಂತ ಕುಳ್ಳು ಅಲ್ವಾ, ಮೋಡ ಅದರ ನೆತ್ತಿಗಿಂತ ಸ್ವಲ್ಪ ಮೇಲೇ ನಿಂತಿತ್ತು, ಕೆಳಗೆಲ್ಲ ನಿಚ್ಚಳ. ಅಪ್ಪಂಗೆ ಪಿಲಾಟಸ್ ಗೇರ್ ನೋಡಕ್ಕಾಗಲ್ವಲ್ಲ ಅಂತ ನಂಗೆ ಬೇಜಾರಾಯ್ತು, ಅವ್ರು ಮಾತ್ರ "ನಡಿ ನಡಿ, ದೋಣಿ ತಪ್ಪುತ್ತೆ" ಅಂತ ಶೂ ಹಾಕ್ಕೊಂಡು ನಿಂತಿದ್ರು.

ದೋಣಿ ಸಿಕ್ಕಿದ್ದು 'ಯೂರಿ'ನೇ. ಅಮ್ಮ ಮೇಲೆ ಕಿಟಕಿ ಪಕ್ಕ ಕೂತ್ರು, ಅಪ್ಪ ಕಾಣಿಸ್ತಿಲ್ಲ. ಹುಡುಕ್ಕೊಂಡು ಹೋದ್ರೆ ಎಂಜಿನ್ ಕಂಬಿ ಹಿಡ್ಕೊಂಡು ನಿಂತಿದಾರೆ. ತೊಡೆ ದಪ್ಪದ ಉಕ್ಕಿನ ತೋಳುಗಳು ಮಿಂಚ್ತಾ ಎದ್ದು ಬೀಳ್ತಿವೆ, ಒಬ್ಬ ಹುಡುಗ ಎಣ್ಣೆ ಡಬ್ಬಿ ಹಿಡಿದು ತಿರುಗೋ ಜಾಗಕ್ಕೇ ಬೆರಳು ತಾಗಿಸಿ ಬಿಸಿ ನೋಡ್ತಿದಾನೆ, ಬೆಚ್ಚಗೆ ಎಣ್ಣೆ ವಾಸನೆ. ಅಪ್ಪ ಕಿವಿ ಹತ್ರ ಬಂದು ಅಂದ್ರು, "ನಾವೂ ಬೇರಿಂಗ್ ಹಿಂಗೇ ನೋಡ್ತಿದ್ವು, ಕೈ ಹಿಂಭಾಗದಲ್ಲಿ." ಆ ಹುಡುಗ ಇವರನ್ನ ನೋಡಿ, ಇವ್ರ ಕೈ ನೋಡಿ, ಏನೋ ಅರ್ಥ ಆದಂಗೆ ತಲೆ ಆಡಿಸ್ದ. ಭಾಷೆ ಇಬ್ರಿಗೂ ಬರಲ್ಲ. ವಿಟ್ಸ್‌ನಾವ್ ಬರೋವರೆಗೂ ಅಪ್ಪ ಮೇಲಕ್ಕೆ ಬರ್ಲೇ ಇಲ್ಲ, ಸರೋವರ ನೋಡಿದ್ದು ಬರುವಾಗ ಮಾತ್ರ.

ರಿಗಿ ತುದೀಲಿ ಚಳಿ ಇತ್ತು, ಗಾಳಿ ಕಮ್ಮಿ. ಅಮ್ಮ ಕಾಟನ್ ಸೀರೆ ಮೇಲೆ ತಮ್ಮನ ಜಾಕೆಟ್ ಹಾಕ್ಕೊಂಡು ಬೆಂಚಲ್ಲಿ ಕೂತು ಚಿತ್ರಾನ್ನ ಬಡಿಸಿದ್ರು. ಹಿಮ ಎಲ್ಲೂ ಇಲ್ಲ, ಹಸಿರೋ ಹಸಿರು. ನಾನು ಏನೂ ಮಾತಾಡ್ಲಿಲ್ಲ. ಆಮೇಲೆ ತಮ್ಮ ಹಿಂದುಗಡೆ ಒಂದು ಸುತ್ತು ಹಾಕಿ ಬಂದು "ಅಮ್ಮ ಬಾ ಇಲ್ಲಿ" ಅಂತ ಕೈ ಹಿಡಿದು ಕರ್ಕೊಂಡು ಹೋದ. ಉತ್ತರದ ಕಡೆ ಗೋಡೆ ನೆರಳಲ್ಲಿ ಮೊರದಗಲ ಒಂದು ಗುಡ್ಡೆ ಉಳ್ಕೊಂಡಿತ್ತು, ಮೇಲೆಲ್ಲಾ ಮಣ್ಣು, ಕಡ್ಡಿ. ಅಮ್ಮ ಮೇಲಿನ ಕೊಳೆ ಕೈಯಲ್ಲಿ ಸರಿಸಿ ಒಳಗಿಂದ ಬೆಳ್ಳಗಿರೋದು ಒಂದು ಹಿಡಿ ತೆಗೆದ್ರು. "ಕಲ್ಲುಪ್ಪಿನ ಥರ ಇದೆ ಕಣೆ" ಅಂದ್ರು. ಮದ್ದೂರ್_ಹೈಕ್ಳು ತಮ್ಮಾ, ನಿಮ್ಮವ್ವನ ಮಾತು ಓದಿ ಹೇಳಿದ್ದೆ ಅವ್ರಿಗೆ, ಅವ್ರೂ ಮುಷ್ಟಿ ಬಿಗಿ ಮಾಡಿ ನೀರು ಸೋರೋದು ನೋಡಿದ್ರು.

ಸಂಜೆ ಊರಲ್ಲಿ ಮರದ ಸೇತುವೆ ಆಯ್ತು, ಸಿಂಹದ ತನಕ ನಡೆಯೋದು ಅಪ್ಪಂಗೆ ಆಗ್ಲಿಲ್ಲ. ಆಂಟಿ ಹೇಳಿದ ಕಟ್ಟೆ ಹತ್ರ ಮಾತ್ರ ಹೋದ್ವಿ. ಅಪ್ಪ ಪಟ್ಟಿಗಳನ್ನ ಈ ತುದಿಯಿಂದ ಆ ತುದಿಗೆ ಎಣಿಸ್ತಾ ಹೋದ್ರು, ಮಧ್ಯೆ ತಪ್ಪಿ ಮತ್ತೆ ಮೊದಲಿಂದ ಶುರು ಮಾಡಿದ್ರು, ಆ ನೀರಿನ ಸದ್ದಿನಲ್ಲಿ ನಮ್ಮ ಮಾತೇನೂ ಕೇಳ್ತಿರ್ಲಿಲ್ಲ. ನಾವು ಹಿಡೀಬೇಕಿದ್ದ ರೈಲು ಬಿಟ್ಟು ಅದರ ಮುಂದಿನದಕ್ಕೆ ಹೊರಟ್ವಿ.

ಗೋಕುಲಂ ಆಂಟಿ, ಅಪ್ಪ ಇವತ್ತು ಬೆಳಗ್ಗೆ ಕೇಳ್ತಿದ್ರು, ಆ ಪಟ್ಟಿಗಳು ಯಾವ ಮರದ್ದು, ಯಾವಾಗ್ಲೂ ನೀರಲ್ಲೇ ನಿಂತು ಕೊಳೆಯಲ್ವಾ ಅಂತ. ನಿಮ್ಮ ಯಜಮಾನ್ರಿಗೆ ಗೊತ್ತಿದ್ರೆ ಕೇಳಿ ಹೇಳ್ತೀರಾ?